ಒತ್ತಿದರೆ ಹೊಳೆಯುವ ಮಣ್ಣು

ಮಳೆ ಹಿಡಿಯುತ್ತಿದ್ದಂತೆ ಬಾಳೆಹೊನ್ನೂರು, ಕೊಪ್ಪ, ನರಸಿಂಹರಾಜಪುರದ ಕಡೆಯ ಗದ್ದೆಗಳಲ್ಲಿ ಅಂಚು ಕಟ್ಟುವ ಕೆಲಸ ಶುರುವಾಗುತ್ತದೆ. ಹಳೆಯ ಅಂಚನ್ನು ಕೆತ್ತಿ, ಹೊಸ ಕೆಸರು ಮೆತ್ತಿ, ಗುದ್ದಲಿಯ ಬೆನ್ನಿನಿಂದ ಒತ್ತಿ ಎಳೆಯುತ್ತಾರೆ. ಗುದ್ದಲಿ ಸವರಿದ ಜಾಗ ಥಳಥಳ ಹೊಳೆಯುತ್ತದೆ. ಅದರ ಪಕ್ಕದಲ್ಲೇ ಮೆತ್ತಿ ಬಿಟ್ಟ ಕೆಸರು ಮಂಕಾಗಿರುತ್ತದೆ. ಎರಡೂ ಒಂದೇ ಮಣ್ಣು, ಒಂದೇ ನೀರು. ಹೊಳೆಯುವುದು ನೀರು ತಾನೇ ಎಂದುಕೊಂಡು ನಾವು ಮುಂದೆ ಹೋಗುತ್ತೇವೆ. ಆದರೆ ಎರಡು ದಿನ ಹೊಳವಾಗಿ ಅಂಚು ಒಣಗಿದ ಮೇಲೆ ಬಂದು ನೋಡಿದರೆ, ಗುದ್ದಲಿ ಒತ್ತಿದ ಕಡೆ ನುಣುಪು ಇನ್ನೂ ಉಳಿದಿರುತ್ತದೆ. ನೀರು ಹೋಗಿದೆ, ಹೊಳಪಿನ ಒಂದು ಪಾಲು ಹೋಗಿಲ್ಲ.

ರೈತನ ಕೈಯಲ್ಲಿ ತಾನಾಗಿ ಮೂಡುವ ಈ ಹೊಳಪನ್ನು ಕುಂಬಾರ ಬೇಕೆಂದೇ ಮೂಡಿಸುತ್ತಾನೆ. ಕೈಯಿಂದ ಮಾಡಿದ ಮಡಕೆ ಅರ್ಧ ಒಣಗಿದಾಗ ಹೊಳೆಯ ನುಣುಪು ಕಲ್ಲೊಂದನ್ನು ಹಿಡಿದು ಅದರ ಮೈಯನ್ನೆಲ್ಲ ತಿಕ್ಕುತ್ತಾನೆ. ಬಣ್ಣ ಬಳಿಯುವುದಿಲ್ಲ, ಮೆರುಗೆಣ್ಣೆ ಹಚ್ಚುವುದಿಲ್ಲ, ಪಿಂಗಾಣಿ ಬಟ್ಟಲಿಗಿರುವಂಥ ಗಾಜಿನ ಲೇಪವೂ ಇಲ್ಲ. ಆದರೂ ಮಡಕೆಯ ಮೈಯಲ್ಲಿ ಕಿಟಕಿಯ ಬೆಳಕು ಗೆರೆಯಾಗಿ ಕಾಣುವಷ್ಟು ಮಿಂಚು ಬರುತ್ತದೆ. ಬೆಂಕಿಯಲ್ಲಿ ಬೆಂದ ಮೇಲೂ ಅದು ಉಳಿಯುತ್ತದೆ. ಕರ್ನಾಟಕದ ಹಳೆಯ ಕಲ್ಗೋರಿಗಳಿಂದ ಹೊರತೆಗೆದ, ಎರಡು ಸಾವಿರ ವರ್ಷಕ್ಕೂ ಹಳೆಯದಾದ ಮಡಕೆಚೂರುಗಳ ಮೇಲೆ ಅದು ಇಂದಿಗೂ ಇದೆ.

ಈ ಕಲೆಗೆ ಇಂಗ್ಲಿಷಿನಲ್ಲಿ ಬರ್ನಿಶಿಂಗ್ ಎಂಬ ಹೆಸರಿದೆ. ಈ ಅಧ್ಯಾಯದಲ್ಲಿ ಅದನ್ನು ಒತ್ತುಮೆರುಗು ಎನ್ನೋಣ. ಮೇಲಿನಿಂದ ಏನನ್ನೂ ಹಚ್ಚದೆ ಬರಿಯ ಒತ್ತುವಿಕೆಯಿಂದ ಮಣ್ಣಿಗೆ ಹೊಳಪು ಬರುವುದು ಹೇಗೆ?

ಮಳೆ ಅರೆದ ಬಂಡೆ

ಮಣ್ಣು ಎಂದು ನಾವು ಒಂದೇ ಮಾತಿನಲ್ಲಿ ಹೇಳಿಬಿಡುವುದರಲ್ಲಿ ಮರಳು, ನುಣ್ಣನೆಯ ಗೋಡು, ಜೇಡಿ ಎಲ್ಲ ಬೆರೆತಿರುತ್ತವೆ. ಮಡಕೆಗೆ ಬೇಕಾದದ್ದು ಜೇಡಿ. ಅದು ಹುಟ್ಟುವುದು ಬಂಡೆಯಿಂದ. ಪಶ್ಚಿಮ ಘಟ್ಟದ ಬಂಡೆಗಳ ಮೇಲೆ ಲಕ್ಷಾಂತರ ವರ್ಷ ಜಡಿಮಳೆ ಸುರಿದಿದೆ. ಬಂಡೆಯಲ್ಲಿರುವ ಫೆಲ್ಡ್‌ಸ್ಪಾರ್ ಎಂಬ ಖನಿಜವನ್ನು ಮಳೆನೀರು ನಿಧಾನವಾಗಿ ಬದಲಾಯಿಸುತ್ತದೆ. ಕರಗುವ ಲವಣಗಳನ್ನು ಹೊಳೆಗೆ ಒಯ್ಯುತ್ತದೆ, ಕರಗದೆ ಉಳಿದ ಅಲ್ಯುಮಿನಿಯಂ ಮತ್ತು ಸಿಲಿಕಾನ್ ಹೊಸದಾಗಿ ಕೂಡಿಕೊಂಡು ಜೇಡಿಯಾಗುತ್ತವೆ. ಮಲೆನಾಡಿನಂಥ ಮಳೆಸೀಮೆಯ ಮಣ್ಣಿನಲ್ಲಿ ಹೆಚ್ಚಾಗಿ ಸಿಗುವ ಜೇಡಿಖನಿಜದ ಹೆಸರು ಕಯೊಲಿನೈಟ್.

ಇದರ ಕಣವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮರಳಿನಂತೆ ಉರುಟಾಗಿ ಕಾಣುವುದಿಲ್ಲ. ಆರು ಮೂಲೆಗಳ ತೆಳು ಬಿಲ್ಲೆಯಂತಿರುತ್ತದೆ. ಅಗಲ ಸಾಮಾನ್ಯವಾಗಿ ಎರಡು ಮೈಕ್ರಾನಿಗಿಂತ ಕಡಿಮೆ. ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು ಒಂದು ಮೈಕ್ರಾನ್. ದಪ್ಪವಂತೂ ಅಗಲದ ಹತ್ತರಲ್ಲಿ ಒಂದು ಪಾಲಿನ ಆಸುಪಾಸು.

ಜೇಡಿಯ ಹಲವು ಗುಣಗಳು ಈ ಆಕಾರದಿಂದ ಬಂದಿವೆ. ಬಿಲ್ಲೆಗಳ ನಡುವೆ ನೀರಿನ ತೆಳುಪೊರೆ ಇದ್ದಾಗ ಅವು ಒಂದರ ಮೇಲೊಂದು ಜಾರುತ್ತವೆ, ಆದರೆ ಬಿಟ್ಟುಹೋಗುವುದಿಲ್ಲ. ಹಾಗಾಗಿ ಜೇಡಿ ಒತ್ತಿದ ಕಡೆ ಬಾಗುತ್ತದೆ, ಬಾಗಿದ ಹಾಗೆ ನಿಲ್ಲುತ್ತದೆ. ಮರಳಿಗೆ ಈ ಗುಣವಿಲ್ಲ.

ಚೆಲ್ಲಿದ ಎಲೆ, ಕಟ್ಟಿದ ಎಲೆ

ಸಂತೆಯಲ್ಲಿ ವೀಳ್ಯದೆಲೆ ಮಾರುವವರ ಬುಟ್ಟಿಯನ್ನು ನೆನೆಸಿಕೊಳ್ಳಿ. ಬಿಡಿ ಎಲೆಗಳನ್ನು ಬುಟ್ಟಿಗೆ ಸುರಿದರೆ ಒಂದು ನೆಟ್ಟಗೆ ನಿಂತಿರುತ್ತದೆ, ಒಂದು ಓರೆಯಾಗಿರುತ್ತದೆ, ಇನ್ನೊಂದು ಮಗುಚಿಕೊಂಡಿರುತ್ತದೆ. ರಾಶಿಯ ಮೇಲ್ಮೈ ಏರುತಗ್ಗು. ಅದೇ ಎಲೆಗಳಿಗೆ ನೀರು ಚಿಮುಕಿಸಿ, ಒಂದರ ಮೇಲೊಂದು ಮಲಗಿಸಿ ಕಟ್ಟು ಮಾಡಿದರೆ ಮೇಲ್ಮೈ ಸಪಾಟು. ಎಲೆ ಬದಲಾಗಿಲ್ಲ, ಅವು ಮಲಗಿದ ರೀತಿ ಬದಲಾಗಿದೆ.

ತಟ್ಟಿ ಮಾಡಿದ ಮಡಕೆಯ ಮೈಯಲ್ಲಿ ಬಿಲ್ಲೆಗಳು ಬುಟ್ಟಿಗೆ ಸುರಿದ ಎಲೆಗಳಂತಿರುತ್ತವೆ. ನಡುನಡುವೆ ಮರಳಿನ ಕಾಳುಗಳೂ ತಲೆ ಎತ್ತಿರುತ್ತವೆ. ಕುಂಬಾರ ಕಲ್ಲನ್ನು ಒತ್ತಿ ಎಳೆದಾಗ ಎರಡು ಕೆಲಸ ಒಟ್ಟಿಗೆ ಆಗುತ್ತವೆ: ಮರಳಿನ ಕಾಳು ಒಳಕ್ಕೆ ಕೂರುತ್ತದೆ, ನಿಂತ ಬಿಲ್ಲೆಗಳು ಕಲ್ಲು ಹೋದ ದಿಕ್ಕಿಗೆ ಬಾಗಿ ಮಲಗುತ್ತವೆ. ತೀರ ಮೇಲಿನ ತೆಳುಪದರವೊಂದು ಎಲೆಯ ಕಟ್ಟಿನಂತೆ ಸಪಾಟಾಗುತ್ತದೆ. ಅದರ ಕೆಳಗಿನ ಮಣ್ಣು ಹೇಗಿತ್ತೋ ಹಾಗೆಯೇ ಇರುತ್ತದೆ.

ಸಪಾಟಾದ ಮಾತ್ರಕ್ಕೆ ಮಿಂಚಬೇಕೇಕೆ? ಇಲ್ಲಿ ಬೆಳಕಿನ ಅಳತೆ ಬರುತ್ತದೆ. ಬೆಳಕು ಅಲೆಯಾಗಿ ಸಾಗುತ್ತದೆ. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ಅಲೆಯ ಉದ್ದ ಸುಮಾರು 0.4ರಿಂದ 0.7 ಮೈಕ್ರಾನ್. ಮೇಲ್ಮೈಯ ಏರುತಗ್ಗು ಇದಕ್ಕಿಂತ ದೊಡ್ಡದಾಗಿದ್ದರೆ ಬೆಳಕು ಬಡಿದು ದಿಕ್ಕಾಪಾಲಾಗಿ ಚದುರುತ್ತದೆ, ಮೈ ಮಂಕಾಗಿ ಕಾಣುತ್ತದೆ. ಏರುತಗ್ಗು ಇದಕ್ಕಿಂತ ಬಹಳ ಸಣ್ಣದಾಗಿದ್ದರೆ ಬೆಳಕು ಒಂದೇ ದಿಕ್ಕಿಗೆ ತಿರುಗಿ ಬರುತ್ತದೆ. ನಾವು ಮಿಂಚು ಎನ್ನುವುದು ಇದನ್ನೇ.

ಈಗ ಬಿಲ್ಲೆಯ ಅಳತೆಯನ್ನು ಇದರ ಪಕ್ಕ ಇಟ್ಟು ನೋಡಿ. ನಿಂತ ಬಿಲ್ಲೆಯ ಎತ್ತರ ಒಂದೆರಡು ಮೈಕ್ರಾನ್, ಬೆಳಕಿನ ಅಲೆಗಿಂತ ಹೆಚ್ಚು. ಮಲಗಿದ ಬಿಲ್ಲೆಯ ಎತ್ತರ ಅದರ ಹತ್ತರಲ್ಲಿ ಒಂದು ಪಾಲು, ಬೆಳಕಿನ ಅಲೆಗಿಂತ ಕಡಿಮೆ. ಬಿಲ್ಲೆ ನಿಂತಿದ್ದರೆ ಮಂಕು, ಮಲಗಿದರೆ ಮಿಂಚು. ಒತ್ತುಮೆರುಗಿನ ಗುಟ್ಟೆಲ್ಲ ಇಷ್ಟೇ. ಮುಂದೆ ಬರುವ ಎಲ್ಲವೂ, ಕುಂಬಾರನ ಹದ, ಅವನ ಬಗ್ಗಡ, ಅವನ ಬೆಂಕಿ, ಬಿಲ್ಲೆಗಳನ್ನು ಮಲಗಿಸುವ ಮತ್ತು ಮಲಗಿದವನ್ನು ಏಳದಂತೆ ಕಾಯುವ ಉಪಾಯಗಳು.

ತೊಗಲುಹದ

ನಮ್ಮ ಕುಂಬಾರರು ತಿಗರಿಯ ಮೇಲೆ ಮಡಕೆಯ ಬಾಯಿ ಮತ್ತು ದಪ್ಪ ಗೋಡೆಯನ್ನು ಎತ್ತುತ್ತಾರೆ. ಆಮೇಲೆ ಒಳಗೊಂದು ಕಲ್ಲು ಹಿಡಿದು ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟುತ್ತ ಗೋಡೆಯನ್ನು ತೆಳುವಾಗಿಸಿ, ಹೊಟ್ಟೆಯನ್ನು ಹಿಗ್ಗಿಸಿ, ಬುಡವನ್ನು ಗುಂಡಗೆ ಮುಚ್ಚುತ್ತಾರೆ. ಮಡಕೆಯ ಆಕಾರ ಮುಗಿಯುವುದು ಇಲ್ಲಿ. ಉಜ್ಜುವ ಕೆಲಸ ಇದಾದ ಮೇಲೆ, ಆದರೆ ಎಷ್ಟು ಹೊತ್ತಿನ ಮೇಲೆ ಎಂಬುದೇ ಕುಶಲತೆ.

ಮಡಕೆ ತೀರ ಹಸಿಯಾಗಿದ್ದಾಗ ಉಜ್ಜಿದರೆ ಕಲ್ಲು ಹೂತುಹೋಗುತ್ತದೆ. ಹೂಳದಂತೆ ಹಗುರಾಗಿ ಉಜ್ಜಿದರೂ ಲಾಭವಿಲ್ಲ. ಒಣಗುವಾಗ ಬಿಲ್ಲೆಗಳ ನಡುವಿನ ನೀರು ಹೋಗಿ ಮಡಕೆ ಕುಗ್ಗುತ್ತದೆ, ಕುಗ್ಗುವಾಗ ಮಲಗಿದ್ದ ಬಿಲ್ಲೆಗಳು ಕದಲಿ ಮೆರುಗು ಮಾಸುತ್ತದೆ. ಪೂರ್ತಿ ಒಣಗಿದ ಮೇಲೆ ಉಜ್ಜಿದರೆ ಜಾರಲು ನೀರಿನ ಪೊರೆಯೇ ಇರುವುದಿಲ್ಲ. ಒಣಗಿದ ವೀಳ್ಯದೆಲೆಯನ್ನು ಮಡಿಸಹೋದರೆ ಮುರಿಯುವ ಹಾಗೆ ಮೇಲ್ಮೈ ಪುಡಿಯಾಗುತ್ತದೆ, ಗೀರು ಬೀಳುತ್ತದೆ.

ಇವೆರಡರ ನಡುವಿನ ಹೊತ್ತು ಬೇಕು. ಮಡಕೆಯನ್ನು ಎತ್ತಿದರೆ ಬಾಗಬಾರದು, ಉಗುರು ಒತ್ತಿದರೆ ಗುರುತು ಬೀಳಬೇಕು. ಮುಟ್ಟಿದರೆ ತಣ್ಣಗಿರಬೇಕು, ಕೈಗೆ ಅಂಟಬಾರದು. ದಪ್ಪ ತೊಗಲಿನಂತಿರುವ ಈ ಸ್ಥಿತಿಯನ್ನು ತೊಗಲುಹದ ಎನ್ನಬಹುದು. ಕುಗ್ಗುವಿಕೆಯ ದೊಡ್ಡ ಪಾಲು ಆಗಲೇ ಮುಗಿದಿರುತ್ತದೆ, ಜಾರುವಷ್ಟು ತೇವ ಉಳಿದಿರುತ್ತದೆ.

ಈ ಹದ ಗಡಿಯಾರ ನೋಡಿ ಬರುವುದಿಲ್ಲ. ಬೇಸಿಗೆಯ ಬಿಸಿಲಿನಲ್ಲಿ ಬೇಗ ಬಂದು ಬೇಗ ದಾಟುತ್ತದೆ. ಮಲೆನಾಡಿನ ಆಷಾಢದಲ್ಲಿ, ಬಟ್ಟೆಯೇ ವಾರಗಟ್ಟಲೆ ಒಣಗದಿರುವಾಗ, ಮಡಕೆ ಹದಕ್ಕೆ ಬರಲು ದಿನಗಳೇ ಹಿಡಿಯಬಹುದು. ಬಾಯಿ ಮೊದಲು ಒಣಗುತ್ತದೆ, ಬುಡ ಕೊನೆಗೆ. ಹಾಗಾಗಿ ಒಂದೇ ಮಡಕೆಯ ಮೇಲೆ ಹದ ಬಾಯಿಯಿಂದ ಬುಡಕ್ಕೆ ಇಳಿಯುತ್ತ ಹೋಗುತ್ತದೆ, ಕುಂಬಾರನ ಕಲ್ಲು ಅದರ ಹಿಂದೆಯೇ ಹೋಗಬೇಕು.

ದುಡಿಮೆಯನ್ನೂ ಲೆಕ್ಕ ಹಾಕಿ ನೋಡೋಣ. ಇಪ್ಪತ್ತೈದು ಸೆಂಟಿಮೀಟರ್ ಅಡ್ಡಳತೆಯ ಗುಂಡು ಮಡಕೆಯ ಹೊರಮೈ ಸುಮಾರು 2000 ಚದರ ಸೆಂಟಿಮೀಟರ್. ಕಲ್ಲಿನ ಮೂತಿ ಒಂದು ಎಳೆತಕ್ಕೆ ಅರ್ಧ ಸೆಂಟಿಮೀಟರ್ ಅಗಲ, ಐದು ಸೆಂಟಿಮೀಟರ್ ಉದ್ದದ ಪಟ್ಟಿಯನ್ನು ಮುಟ್ಟಿದರೆ, ಇಡೀ ಮೈಯನ್ನು ಒಂದು ಸಲ ಮುಗಿಸಲು 800 ಎಳೆತ ಬೇಕು. ಒಳ್ಳೆಯ ಮೆರುಗಿಗೆ ಒಂದು ಸುತ್ತು ಸಾಲದು. ಮೂರು ಸುತ್ತು ಎಂದರೆ 2400 ಎಳೆತ. ಯಂತ್ರದ ಕಾಲದಲ್ಲೂ ಈ ಕೆಲಸವನ್ನು ಬಿಡದೆ ಮಾಡುವವರಿಗೆ ಇದು ಹೊರೆಯಾಗಿ ಕಾಣುವುದಿಲ್ಲ. ಬೆರಳಿನ ಕೆಳಗೆ ಮಣ್ಣು ಮಂಕಿನಿಂದ ಮಿಂಚಿಗೆ ಹೊರಳುವ ಆ ಗಳಿಗೆ ಪ್ರತಿ ಎಳೆತದಲ್ಲೂ ಕಣ್ಣೆದುರು ನಡೆಯುತ್ತದೆ. ಎಲ್ಲಿ ಗೋಡೆ ತೆಳು, ಎಲ್ಲಿ ಉಬ್ಬು, ಎಲ್ಲಿ ಸಣ್ಣ ಬಿರುಕು ಎಂಬುದೆಲ್ಲ ಕೈಗೆ ತಿಳಿಯುತ್ತದೆ. ಮಡಕೆಯ ಪ್ರತಿ ಅಂಗುಲವನ್ನೂ ಮಾಡಿದವನೇ ಮತ್ತೆ ಮತ್ತೆ ಮುಟ್ಟಿ ನೋಡುವ ಕೆಲಸ ಇದು. ಈ ಕೆಲಸದ ಮೇಲೆ ಕುಂಬಾರರಿಗಿರುವ ಪ್ರೀತಿಗೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಬಗ್ಗಡದ ತಿಳಿ

ಎಲ್ಲ ಮಣ್ಣಿಗೂ ಒಳ್ಳೆಯ ಮೆರುಗು ಬರುವುದಿಲ್ಲ. ಮಡಕೆ ಸೀಳದಿರಲು ಜೇಡಿಗೆ ಸ್ವಲ್ಪ ಮರಳು ಬೇಕೇ ಬೇಕು, ಆದರೆ ಮೆರುಗಿಗೆ ಮರಳು ಅಡ್ಡಿ. ಈ ಇಕ್ಕಟ್ಟಿಗೆ ಹಳೆಯ ಕುಂಬಾರರು ಕಂಡುಕೊಂಡ ದಾರಿ ಸೊಗಸಾಗಿದೆ. ಮಡಕೆಯ ಒಡಲನ್ನು ಮರಳು ಬೆರೆತ ಮಣ್ಣಿನಲ್ಲಿ ಮಾಡಿ, ಮೇಲೆ ಮಾತ್ರ ನಯವಾದ ಜೇಡಿಯ ತೆಳುಪದರ ಬಳಿದರು.

ನಯವಾದ ಜೇಡಿಯನ್ನು ಬೇರೆ ಮಾಡಲು ಜರಡಿ ಬೇಡ. ಕೆಮ್ಮಣ್ಣನ್ನು ಬಾನಿಯಲ್ಲಿ ನೀರಿಗೆ ಕಲಸಿ ಬಿಟ್ಟರೆ ದಪ್ಪ ಕಾಳು ಮೊದಲು ತಳ ಸೇರುತ್ತದೆ, ನಡುತರದ್ದು ಅದರ ಮೇಲೆ ಕೂರುತ್ತದೆ, ತೀರ ಸಣ್ಣ ಬಿಲ್ಲೆಗಳು ಗಂಟೆಗಟ್ಟಲೆ ನೀರಿನಲ್ಲೇ ತೇಲುತ್ತಿರುತ್ತವೆ. ಮೇಲಿನ ಕೆಂಪು ನೀರನ್ನು ಮೆಲ್ಲಗೆ ಬಸಿದುಕೊಂಡರೆ ಅದೇ ತಿಳಿಬಗ್ಗಡ. ಇದನ್ನು ಬಳಿದು ಉಜ್ಜಿದರೆ ಸಣ್ಣ ಬಿಲ್ಲೆಗಳು ಬೇಗ ಮಲಗುತ್ತವೆ, ಮಿಂಚು ಹೆಚ್ಚುತ್ತದೆ. ರೋಮನ್ನರ ಕಾಲದ ಹೊಳೆಯುವ ಕೆಂಪು ತಟ್ಟೆಗಳ ಹಿಂದೆ ಇದ್ದದ್ದೂ ಹೀಗೆ ಬೇರ್ಪಡಿಸಿದ ನಯಜೇಡಿಯೇ.

ಬಿಲ್ಲೆ ಮಲಗಿದರೆ ಮಿಂಚು ಎಂಬ ಮಾತಿಗೆ ಕಣ್ಣಿಗೆ ಕಾಣುವ ಸಾಕ್ಷಿ ಬೇಕೆಂದರೆ ಅಮೆರಿಕದ ನ್ಯೂ ಮೆಕ್ಸಿಕೋದ ಕಡೆ ನೋಡಬೇಕು. ಅಲ್ಲಿನ ಸ್ಯಾನ್ ಇಲ್ಡೆಫೊನ್ಸೊ ಎಂಬ ಮೂಲನಿವಾಸಿಗಳ ಊರಿನಲ್ಲಿ ಮರಿಯಾ ಮಾರ್ಟಿನೆಜ್ ಎಂಬ ಕುಂಬಾರ್ತಿ ಇದ್ದರು. ತಿಗರಿ ಬಳಸದೆ, ಮಣ್ಣಿನ ಸುರುಳಿಗಳನ್ನು ಒಂದರ ಮೇಲೊಂದು ಕೂರಿಸಿ ಮಡಕೆ ಮಾಡಿ, ನುಣುಪು ಕಲ್ಲಿನಿಂದ ಉಜ್ಜುತ್ತಿದ್ದರು. ಗಂಡ ಜೂಲಿಯನ್ ಉಜ್ಜಿದ ಮೈಯ ಮೇಲೆ ಜೇಡಿಬಗ್ಗಡದಿಂದ ಚಿತ್ತಾರ ಬರೆಯುತ್ತಿದ್ದರು, ಆ ಭಾಗವನ್ನು ಮತ್ತೆ ಉಜ್ಜುತ್ತಿರಲಿಲ್ಲ. ಹೊಗೆಯಲ್ಲಿ ಬೆಂದ ಮೇಲೆ ಮಡಕೆ ಪೂರ್ತಿ ಕಪ್ಪಾಗುತ್ತಿತ್ತು. ಉಜ್ಜಿದ ಹಿನ್ನೆಲೆ ಮಿಂಚುತ್ತಿತ್ತು, ಚಿತ್ತಾರ ಮಂಕಾಗಿಯೇ ಉಳಿಯುತ್ತಿತ್ತು. ಬೆಂಕಿ ಒಂದೇ, ಹೊಗೆ ಒಂದೇ, ಬಣ್ಣವೂ ಒಂದೇ. ಕಲ್ಲು ಮುಟ್ಟಿದ ಕಡೆ, ಮುಟ್ಟದ ಕಡೆ ಎಂಬುದಷ್ಟೇ ವ್ಯತ್ಯಾಸ. 1919ರ ಸುಮಾರಿಗೆ ಈ ದಂಪತಿ ರೂಪಿಸಿದ ಈ ಶೈಲಿ ಜಗತ್ತಿನ ಹೆಸರಾಂತ ವಸ್ತುಸಂಗ್ರಹಾಲಯಗಳನ್ನು ಸೇರಿದೆ.

ಬೆಂಕಿಗೆ ಎರಡು ಗಡಿ

ಉಜ್ಜಿ ಒಣಗಿಸಿದ ಮಡಕೆ ಚೆಂದ ಕಾಣುತ್ತದೆ, ಆದರೆ ನೀರಿಗೆ ಬಿದ್ದರೆ ಮತ್ತೆ ಕೆಸರು. ಆವಿಗೆಯಲ್ಲಿ, ಅಂದರೆ ಕುಂಬಾರರ ಗೂಡಿನಲ್ಲಿ, ಬೇಯಲೇಬೇಕು. ಬಿಸಿ ಮೆಲ್ಲಗೆ ಏರಬೇಕು, ಏಕೆಂದರೆ ಗೋಡೆಯಲ್ಲಿ ಉಳಿದ ನೀರು ನೂರು ಡಿಗ್ರಿ ಸೆಲ್ಸಿಯಸ್ ದಾಟಿ ಆವಿಯಾದಾಗ ಅದರ ಗಾತ್ರ ಸುಮಾರು 1700 ಪಟ್ಟು ಹಿಗ್ಗುತ್ತದೆ. ಉಜ್ಜಿದ ಮೈ ಬಿಗಿಯಾಗಿರುವುದರಿಂದ ನೀರಾವಿಗೆ ಹೊರಬರುವ ದಾರಿ ಕಡಿಮೆ. ಅವಸರ ಮಾಡಿದರೆ ಮೇಲ್ಮೈ ಚಕ್ಕೆಯಾಗಿ ಸಿಡಿಯುತ್ತದೆ.

ಸುಮಾರು 500ರಿಂದ 600 ಡಿಗ್ರಿಯ ನಡುವೆ ಮುಖ್ಯವಾದ ಘಟನೆ ನಡೆಯುತ್ತದೆ. ಜೇಡಿಯ ಬಿಲ್ಲೆಯ ರಚನೆಯೊಳಗೇ ಬೆಸೆದುಕೊಂಡಿದ್ದ ನೀರಿನ ಅಂಶ ಹೊರಬೀಳುತ್ತದೆ. ಇದಾದ ಮೇಲೆ ಆ ಜೇಡಿ ಎಷ್ಟು ನೆನೆಸಿದರೂ ಮತ್ತೆ ಕೆಸರಾಗುವುದಿಲ್ಲ. ನಮ್ಮ ಕಥೆಗೆ ಮುಖ್ಯವಾದ ಸಂಗತಿ ಎಂದರೆ, ಒಳರಚನೆ ಮುರಿದರೂ ಬಿಲ್ಲೆಯ ಹೊರ ಆಕಾರ ಉಳಿದುಕೊಳ್ಳುತ್ತದೆ. ಮಲಗಿದ ಬಿಲ್ಲೆ ಮಲಗಿದಂತೆಯೇ ಗಟ್ಟಿಯಾಗುತ್ತದೆ. ಬೆಂಕಿಯಲ್ಲೂ ಮೆರುಗು ಉಳಿಯುವುದಕ್ಕೆ ಕಾರಣ ಇದು.

ಬಿಸಿ ಇನ್ನೂ ಏರಿ ಸಾವಿರ ಡಿಗ್ರಿಯ ಹತ್ತಿರ ಬಂದರೆ ಬಿಲ್ಲೆಗಳು ಆಕಾರ ಕಳೆದುಕೊಳ್ಳತೊಡಗುತ್ತವೆ. ಹೊಸ ಹರಳುಗಳು ಹುಟ್ಟುತ್ತವೆ, ಮಣ್ಣಿನ ಕೆಲವು ಅಂಶಗಳು ಕರಗಿ ಗಾಜಾಗುತ್ತವೆ, ಮಡಕೆ ಮತ್ತೆ ಕುಗ್ಗುತ್ತದೆ. ಮಡಕೆ ಗಟ್ಟಿಯಾಗುತ್ತದೆ, ಆದರೆ ಒತ್ತುಮೆರುಗು ಮಾಸಿಹೋಗುತ್ತದೆ. ಕೆಳಗೆ ಒಂದು ಗಡಿ, ಮೇಲೆ ಒಂದು ಗಡಿ. ಸೌದೆ, ತೆಂಗಿನ ಸಿಪ್ಪೆ, ಹುಲ್ಲು ಉರಿಸುವ ಹಳ್ಳಿಯ ಆವಿಗೆಯ ಬಿಸಿ ಸಾಮಾನ್ಯವಾಗಿ ಇವೆರಡರ ನಡುವೆಯೇ ಇರುತ್ತದೆ. ಆಧುನಿಕ ಕಾರ್ಖಾನೆಯ ಕುಲುಮೆಗೆ ಹೋಲಿಸಿ ನಾವು ಕೀಳೆಂದು ಭಾವಿಸುವ ಆವಿಗೆಯೇ ಒತ್ತುಮೆರುಗಿಗೆ ತಕ್ಕ ಜಾಗ.

ಕೆಂಪು, ಕಪ್ಪು ಮತ್ತು ಗಾಳಿ

ಬಾಳೆಹೊನ್ನೂರನ್ನು ಹಾದು ಹೋಗುವ ಭದ್ರಾ ನದಿ ಹುಟ್ಟುವುದು ಕುದುರೆಮುಖದ ಸೀಮೆಯ ಗಂಗಾಮೂಲದಲ್ಲಿ. 2005ರ ಕೊನೆಯವರೆಗೂ ಗಣಿಗಾರಿಕೆ ನಡೆದ ಕಬ್ಬಿಣದ ಅದಿರಿನ ಬೆಟ್ಟಗಳು ಅಲ್ಲಿವೆ. ಹೊಳೆಯ ಕೆಳಗಿನ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಬಂದದ್ದು ಬಾಳೆಹೊನ್ನೂರು ಇರುವ ಚಿಕ್ಕಮಗಳೂರು ಜಿಲ್ಲೆಯದೇ ಆದ ಕೆಮ್ಮಣ್ಣುಗುಂಡಿಯಿಂದ. ಮಲೆನಾಡಿನ ಮಣ್ಣಿನ ತುಂಬ ಕಬ್ಬಿಣವಿದೆ. ಮಡಕೆಯ ಬಣ್ಣ ಅದರ ಕೈಯಲ್ಲಿದೆ.

ನೂರು ಪಾಲು ಮಣ್ಣಿನಲ್ಲಿ ನಾಲ್ಕೈದು ಪಾಲು ಕಬ್ಬಿಣದ ಅಂಶವಿದ್ದರೆ ಸಾಕು. ಬೇಯುವಾಗ ಗಾಳಿ ಧಾರಾಳವಾಗಿ ಸಿಕ್ಕರೆ ಕಬ್ಬಿಣ ಆಮ್ಲಜನಕವನ್ನು ತುಂಬಿಕೊಂಡು ಕೆಂಪಾಗುತ್ತದೆ. ಹಳದಿಯಾಗಿ ಕಾಣುವ ಮಣ್ಣೂ ಬೆಂದಾಗ ಕೆಂಪಾಗುವುದು ಹೀಗೆಯೇ. ಗಾಳಿ ಕಟ್ಟಿ ಹೊಗೆ ತುಂಬಿದರೆ ಹೊಗೆ ಕಬ್ಬಿಣದಿಂದ ಆಮ್ಲಜನಕವನ್ನು ಕಿತ್ತುಕೊಳ್ಳುತ್ತದೆ, ಕೆಂಪು ಹೋಗಿ ಬೂದು, ಕಪ್ಪು ಬರುತ್ತದೆ. ಜೊತೆಗೆ ಹೊಗೆಯ ಇಂಗಾಲದ ಕಣಗಳು ಮಡಕೆಯ ಸಣ್ಣ ರಂಧ್ರಗಳಲ್ಲಿ ಸೇರಿ ಕಪ್ಪನ್ನು ಗಾಢವಾಗಿಸುತ್ತವೆ. ಮಡಕೆ ಇನ್ನೂ ಕೆಂಡದಂತಿರುವಾಗ ಗಾಳಿ ಒಳಗೆ ಬಂದರೆ ಇಂಗಾಲ ಉರಿದುಹೋಗಿ ಕೆಂಪು ಮರಳುತ್ತದೆ. ಕಪ್ಪು ಮಡಕೆ ಬೇಕಾದವರು ಆರುವ ತನಕ ಮುಚ್ಚಳ ತೆಗೆಯುವಂತಿಲ್ಲ.

ಈ ಎರಡನ್ನೂ ಒಂದೇ ಮಡಕೆಯಲ್ಲಿ ತಂದವರು ಕರ್ನಾಟಕದಲ್ಲಿದ್ದರು. ಭದ್ರೆ ಕೂಡಲಿಯಲ್ಲಿ ತುಂಗೆಯನ್ನು ಸೇರಿ ತುಂಗಭದ್ರೆಯಾಗಿ ಹರಿದು ಹಾವೇರಿ ಜಿಲ್ಲೆಯ ಹಳ್ಳೂರಿನ ಪಕ್ಕ ಹೋಗುತ್ತಾಳೆ. ಅಲ್ಲಿ 1965ರಲ್ಲಿ ಡಾ. ಎಂ. ಎಸ್. ನಾಗರಾಜರಾವ್ ಉತ್ಖನನ ನಡೆಸಿದರು. ಕ್ರಿ.ಪೂ. 1000ದ ಸುಮಾರಿನ ಕಬ್ಬಿಣದ ಉಪಕರಣಗಳ ಜೊತೆ ಕಪ್ಪು-ಕೆಂಪು ಮಡಕೆಗಳು ಸಿಕ್ಕಿದವು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆದಾಗ ಕಲ್ಗೋರಿಗಳಲ್ಲಿ ಇದೇ ಬಗೆಯ ಹೊಳೆಯುವ ಪಾತ್ರೆಗಳು ದೊರೆತಿದ್ದವು. ಒಳಮೈ ಮತ್ತು ಬಾಯಿಯಂಚು ಕಡುಗಪ್ಪು, ಹೊರಮೈಯ ಉಳಿದ ಭಾಗ ಕೆಂಪು, ಎರಡರ ಮೇಲೂ ಒತ್ತುಮೆರುಗು. ಅದಕ್ಕೂ ಹಿಂದಿನ ನವಶಿಲಾಯುಗದ ಜನ ತೆಕ್ಕಲಕೋಟೆ, ಪಿಕ್ಲಿಹಾಳ, ಬ್ರಹ್ಮಗಿರಿಗಳಲ್ಲಿ ಕೈಯಿಂದ ಮಾಡಿದ ಬೂದು ಮಡಕೆಗಳನ್ನು ಉಜ್ಜಿ ಮೆರುಗು ಕೊಡುತ್ತಿದ್ದರು.

ಎರಡು ಬಣ್ಣ ಬರಲು ಒಂದು ಸರಳ ದಾರಿಯಿದೆ. ಮಡಕೆಯನ್ನು ಬೋರಲು ಹಾಕಿ, ಬಾಯಿಯಂಚು ಹೊಟ್ಟು, ಬೂದಿಯಲ್ಲಿ ಹೂಳುವಂತೆ ಕೂರಿಸಿದರೆ ಒಳಗೆ ಗಾಳಿಯಿಲ್ಲ, ಹೊಗೆ ಮಾತ್ರ. ಹೊರಗೆ ಗಾಳಿ ಆಡುತ್ತದೆ. ಒಳಗೂ ಅಂಚೂ ಕಪ್ಪಾಗುತ್ತವೆ, ಹೊರಗೆ ಕೆಂಪಾಗುತ್ತದೆ. ಒಂದೇ ಸಲ ಬೇಯಿಸಿದರೋ, ಮೊದಲು ಕೆಂಪಾಗಿ ಬೇಯಿಸಿ ಎರಡನೆಯ ಸಲ ಕಪ್ಪು ಮಾಡಿದರೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಎರಡು ಅಭಿಪ್ರಾಯಗಳಿವೆ. ಹೇಗೆ ಮಾಡಿದ್ದರೂ ಗಾಳಿಯನ್ನು ಎಲ್ಲಿ ಬಿಡಬೇಕು, ಎಲ್ಲಿ ತಡೆಯಬೇಕು ಎಂದು ತಿಳಿದೇ ಮಾಡಿದ್ದಾರೆ. ಅದಿರಿನಿಂದ ಕಬ್ಬಿಣ ತೆಗೆದ ಸಮಾಜಕ್ಕೆ ಗಾಳಿಯನ್ನು ಆಳುವ ಈ ಜಾಣ್ಮೆ ಮಡಕೆಯಲ್ಲೂ ಇತ್ತು.

ಒಲೆಯ ಮೇಲೆ

ಮೆರುಗು ಅಂದಕ್ಕಷ್ಟೇ ಅಲ್ಲ. ಮಲಗಿದ ಬಿಲ್ಲೆಗಳು ಮೈಯ ರಂಧ್ರಗಳ ಬಾಯನ್ನು ಕಿರಿದು ಮಾಡುತ್ತವೆ. ಸಾರು ಜಿನುಗುವುದು ಕಡಿಮೆಯಾಗುತ್ತದೆ, ಅಡುಗೆ ಹಿಡಿಯುವುದು ಕಡಿಮೆಯಾಗುತ್ತದೆ, ತೊಳೆಯುವುದು ಸುಲಭವಾಗುತ್ತದೆ. ರಂಧ್ರ ಪೂರ್ತಿ ಮುಚ್ಚಿರುವುದಿಲ್ಲ. ಅದಕ್ಕಾಗಿಯೇ ಮಲೆನಾಡಿನ ಮನೆಗಳಲ್ಲಿ ಹೊಸ ಮಡಕೆಗೆ ಗಂಜಿನೀರು ಹಾಕಿ ಕುದಿಸಿ ಪಳಗಿಸುತ್ತಾರೆ. ಗಂಜಿಯ ಪಿಷ್ಟ ಉಳಿದ ರಂಧ್ರಗಳನ್ನು ತುಂಬುತ್ತದೆ. ಗೋಡೆಯ ಒಳಭಾಗ ಸಡಿಲವಾಗಿಯೇ ಇರುವುದರಿಂದ ಮಡಕೆ ಸೌದೆಯ ಉರಿಯನ್ನು ತಾಳಿಕೊಳ್ಳುತ್ತದೆ. ಬಿಸಿಗೆ ಹುಟ್ಟುವ ಸಣ್ಣ ಬಿರುಕು ರಂಧ್ರಕ್ಕೆ ಬಂದು ನಿಂತುಬಿಡುತ್ತದೆ.

ಕುಡಿಯುವ ನೀರಿನ ಮಡಕೆಗೆ ಬೇಕಾದದ್ದು ಇದಕ್ಕೆ ತದ್ವಿರುದ್ಧ. ಅದು ಜಿನುಗಬೇಕು. ಹೊರಮೈಯಲ್ಲಿ ಒಂದು ಗ್ರಾಂ ನೀರು ಆರುವಾಗ ಸುಮಾರು 580 ಕ್ಯಾಲೊರಿ ಶಾಖವನ್ನು ಒಯ್ಯುತ್ತದೆ, ಒಳಗಿನ ನೀರು ತಂಪಾಗುತ್ತದೆ. ಅಂಥ ಮಡಕೆಯ ಮೈಯನ್ನು ಒರಟಾಗಿ ಬಿಡುವುದೇ ಸರಿ. ಯಾವುದನ್ನು ಉಜ್ಜಬೇಕು, ಯಾವುದನ್ನು ಬಿಡಬೇಕು ಎಂಬುದೂ ಕುಂಬಾರಿಕೆಯ ವಿದ್ಯೆಯೇ.

ಕೊಳ್ಳುವ ಮುನ್ನ

ಇಂದು ಪೇಟೆಯಲ್ಲಿ ಮೆರುಗೆಣ್ಣೆ ಬಳಿದ ಮಣ್ಣಿನ ಪಾತ್ರೆಗಳೂ ಸಿಗುತ್ತವೆ. ನೋಡಲು ಅವೂ ಹೊಳೆಯುತ್ತವೆ. ಅಡುಗೆಗೆ ಕೊಳ್ಳುವವರು ಗುರುತಿಸಲು ಈ ಅಧ್ಯಾಯದ ತಿಳಿವಳಿಕೆಯೇ ಸಾಕು. ಹೊರಮೈಗೆ ಒಂದು ಹನಿ ನೀರು ಬಿಡಿ. ಒತ್ತುಮೆರುಗಿನ ಮಡಕೆ ಅದನ್ನು ಮೆಲ್ಲಗೆ ಹೀರಿ ಆ ಜಾಗ ಗಾಢವಾಗುತ್ತದೆ, ಮೆರುಗೆಣ್ಣೆಯ ಮೇಲೆ ಹನಿ ಹಾಗೇ ನಿಲ್ಲುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಕೈಯಲ್ಲಿ ಉಜ್ಜಿದ ಮಡಕೆಯ ಮೇಲೆ ಕಲ್ಲು ಓಡಾಡಿದ ಸಣ್ಣ ಪಟ್ಟಿಗಳು ಅಕ್ಕಪಕ್ಕ ಕಾಣುತ್ತವೆ, ಬಳಿದ ಮೆರುಗಿನಲ್ಲಿ ಅವು ಇರುವುದಿಲ್ಲ.

ಆ ಪಟ್ಟಿಗಳನ್ನು ಕುಂದೆಂದು ಎಣಿಸಬೇಡಿ. ಒಂದೊಂದು ಪಟ್ಟಿಯೂ ಒಂದು ಎಳೆತ, ಅಂಥ ಸಾವಿರಾರು ಎಳೆತಗಳಿಗೆ ತಗುಲಿದ ಹೊತ್ತು ಆ ಮಡಕೆಯ ನಿಜವಾದ ಬೆಲೆ. ಮಣ್ಣಿಗೆ ಹೆಚ್ಚು ಬೆಲೆಯಿಲ್ಲ, ಕಲ್ಲು ಹೊಳೆಯಲ್ಲಿ ಸಿಗುತ್ತದೆ. ಹದ ಕಾಯುವ ಕೈಯನ್ನು ಮಾತ್ರ ಬೇರೆಲ್ಲಿಂದಲೂ ತರಲಾಗುವುದಿಲ್ಲ. ಅದಕ್ಕೆ ತಕ್ಕ ಹಣ ಕೊಟ್ಟು ಕೊಳ್ಳುವವರು ಇದ್ದರೆ ಮೂರು ಸಾವಿರ ವರ್ಷಕ್ಕೂ ಹಳೆಯ ಈ ವಿದ್ಯೆ ಮುಂದಿನ ತಲೆಮಾರಿನ ಕೈಗೂ ದಾಟುತ್ತದೆ.